ಕತ್ತರಿ ಯಾರ ಕೈಯಲ್ಲಿ?

ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ನಗರದ ಪೂರ್ವ ಭಾಗದಲ್ಲಿ, ಒಂದು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ, ಹನ್ನೊಂದರಿಂದ ಹದಿನೇಳರ ವಯಸ್ಸಿನ ಹುಡುಗಿಯರು ವಾರಕ್ಕೊಮ್ಮೆ ಸೇರಿ ಒಂದು ಪುಟ್ಟ ಪತ್ರಿಕೆಯನ್ನೂ ಆಡಿಯೊ ಕಾರ್ಯಕ್ರಮವನ್ನೂ ಮಾಡುತ್ತಾರೆ. ಹೆಚ್ಚಿನವರು ಮೆಕ್ಸಿಕೊ, ಎಲ್ ಸಾಲ್ವಡಾರ್, ಗ್ವಾಟೆಮಾಲಾ ಮೂಲದ ಮನೆಗಳವರು. ನಾನು ಅಲ್ಲಿ ಸ್ವಯಂಸೇವಕಿ. ಬೆಂಗಳೂರಿನ ಪತ್ರಿಕೆಯೊಂದರಲ್ಲಿ ಉಪಸಂಪಾದಕಿಯಾಗಿದ್ದವಳು, ಗಂಡನ ಕೆಲಸದ ನಿಮಿತ್ತ ಇಲ್ಲಿಗೆ ಬಂದೆ. ಗೊತ್ತಿರುವ ಒಂದೇ ವಿದ್ಯೆಯನ್ನು ಯಾರಿಗಾದರೂ ದಾಟಿಸೋಣವೆಂದು ಆ ಕೋಣೆಗೆ ಹೋದೆ. ಕನ್ನಡ ಕೂಟದ ಗೆಳತಿಯರು ಆಗಾಗ ಕೇಳುತ್ತಾರೆ: "ನಾವೂ ಇಂಥದ್ದೇನಾದರೂ ಮಾಡಬೇಕಲ್ಲ, ಹೇಗೆ ಶುರು ಮಾಡೋದು?" ಹೇಗೆ ಮಾಡಬೇಕೆಂದು ನನಗೂ ಪೂರ್ತಿ ತಿಳಿಯದು. ಹೇಗೆ ಮಾಡಬಾರದು ಎಂಬುದರ ಪಟ್ಟಿ ಬೇಕಾದರೆ ಉದ್ದವಾಗಿದೆ.

1. ಪಾಠಪಟ್ಟಿಗಿಂತ ಮೊದಲು ಮನೆಯ ವೇಳಾಪಟ್ಟಿ ತಿಳಿದುಕೊಳ್ಳಿ.

ಸಂದರ್ಶನ, ವರದಿ, ತಲೆಬರಹ, ಧ್ವನಿಮುದ್ರಣ ಎಂದು ಬಲು ಅಚ್ಚುಕಟ್ಟಾದ ಪಾಠಪಟ್ಟಿ ಮಾಡಿಕೊಂಡು ಹೋಗಿದ್ದೆ. ಶುರುವಿಗೆ ಕೋಣೆ ತುಂಬಿತ್ತು, ಬರಬರುತ್ತ ಕುರ್ಚಿಗಳು ಖಾಲಿಯಾದವು. ಆಸಕ್ತಿ ಸಾಲದೆಂದು ನಾನೇ ತೀರ್ಮಾನಿಸಿ, ರಾತ್ರಿ ಕೂತು ಬಣ್ಣಬಣ್ಣದ ಸ್ಲೈಡ್ ತಯಾರಿಸಿದೆ. ಬಾರದ ಹುಡುಗಿಯೊಬ್ಬಳನ್ನು ಫೋನಿನಲ್ಲಿ ಕೇಳಿದಾಗ ಸಂಗತಿ ತಿಳಿಯಿತು. ತಾಯಿಗೆ ಆಫೀಸು ಗುಡಿಸಿ ಒರೆಸುವ ಸಂಜೆ ಪಾಳಿ. ತಮ್ಮಂದಿರನ್ನು ಶಾಲೆಯಿಂದ ಕರೆತಂದು ಊಟ ಬಿಸಿ ಮಾಡಿ ಕೊಡುವುದು ಇವಳ ಪಾಲು. ಕೋಣೆಯ ಮೂಲೆಗೆ ಚಾಪೆ, ಬಣ್ಣದ ಪೆನ್ಸಿಲ್ಲು, ಬಿಸ್ಕತ್ತಿನ ಡಬ್ಬ ಇಟ್ಟು "ಚಿಕ್ಕವರನ್ನೂ ಕರೆತನ್ನಿ" ಎಂದೆವು. ಗಲಾಟೆ ಹೆಚ್ಚಿತು, ರೆಕಾರ್ಡಿಂಗಿನಲ್ಲಿ ಯಾವುದೋ ಮಗುವಿನ ಅಳುವೂ ಸೇರಿಕೊಂಡಿತು. ಹಾಜರಿ ಮಾತ್ರ ಮತ್ತೆ ಕುಸಿಯಲಿಲ್ಲ.

2. ಎಲ್ಲರಿಗೂ ಸ್ಪ್ಯಾನಿಷ್ ಬರುತ್ತದೆಂದು ನಂಬಬೇಡಿ.

ಅಭಿಮಾನದಿಂದ ಮೊದಲ ಕರಪತ್ರವನ್ನು ಸ್ಪ್ಯಾನಿಷ್‌ನಲ್ಲೇ ಮಾಡಿಸಿದ್ದೆ. ಕೆಲವರು ಓದಿ ಖುಷಿಪಟ್ಟರು, ಕೆಲವರು ತಲೆ ತಗ್ಗಿಸಿದರು. ಮೂರನೆಯ ತಲೆಮಾರಿನ ಮಕ್ಕಳಿಗೆ ಅಜ್ಜಿಯ ಭಾಷೆ ಅರ್ಧಂಬರ್ಧ. ಇನ್ನು ಮೆಕ್ಸಿಕೊದ ವಹಾಕಾ ಪ್ರಾಂತದಿಂದ ಬಂದ ಕುಟುಂಬಗಳಲ್ಲಿ ಅಜ್ಜಿಯ ಭಾಷೆ ಮಿಸ್ತೆಕೊ, ಸಪೊತೆಕೊ. ಅವರಿಗೆ ಸ್ಪ್ಯಾನಿಷ್ ಕೂಡ ಹೊರಗಿನಿಂದ ಬಂದದ್ದೇ. ಸ್ಪ್ಯಾನಿಷ್ ಬಾರದೆಂದು ನಾಚುತ್ತಿದ್ದವರಿಗೆ ಗಾಯಕಿ ಸೆಲೀನಾ ಕಥೆ ಹೇಳಿದೆವು. ಟೆಕ್ಸಾಸ್‌ನಲ್ಲಿ ಇಂಗ್ಲಿಷ್ ಆಡುತ್ತ ಬೆಳೆದ ಆಕೆ ಸ್ಪ್ಯಾನಿಷ್ ಹಾಡುಗಳನ್ನು ಮೊದಮೊದಲು ಉಚ್ಚಾರಣೆ ಕೇಳಿ ಬಾಯಿಪಾಠ ಮಾಡಿ ಹಾಡುತ್ತಿದ್ದಳು. ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ಭಾವಗೀತೆ ಹಾಡುವ ನಮ್ಮ ಮಕ್ಕಳನ್ನು ಕಂಡು ಮೂಗು ಮುರಿದವಳು ನಾನು. ಆಮೇಲೆ ಆ ಅಭ್ಯಾಸ ಬಿಟ್ಟೆ.

3. ದೂರುವ ಪಾಠ ಬೇಗ ಮುಗಿಸಿ.

ಹಾಲಿವುಡ್ ಲ್ಯಾಟಿನಾ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಹೆಂಗಸರನ್ನು ಹೇಗೆ ತೋರಿಸಿತು ಎಂಬುದು ನನ್ನ ಅಚ್ಚುಮೆಚ್ಚಿನ ತರಗತಿ. 1961ರ 'ವೆಸ್ಟ್ ಸೈಡ್ ಸ್ಟೋರಿ'ಯಲ್ಲಿ ಪೋರ್ಟೊ ರಿಕೊದವಳೇ ಆದ ರೀಟಾ ಮೊರೆನೊಗೂ ಮುಖಕ್ಕೆ ಕಂದು ಬಣ್ಣ ಬಳಿದದ್ದು, ಆ ಪಾತ್ರಕ್ಕೇ ಆಕೆಗೆ ಆಸ್ಕರ್ ಬಂದದ್ದು; ನಟಿ ಲೂಪೆ ಒಂಟಿವೆರೋಸ್ ತಾನು ಸುಮಾರು 150 ಸಲ ಮನೆಗೆಲಸದವಳ ಪಾತ್ರ ಮಾಡಿರಬೇಕೆಂದು ಹೇಳಿಕೊಂಡದ್ದು, ಇವೆಲ್ಲ ವಾರಗಟ್ಟಲೆ ನಡೆದವು. ಕೊನೆಗೊಬ್ಬಳು ಕೈಯೆತ್ತಿ, "ಮಿಸ್, ನಮ್ಮಮ್ಮ ನಿಜವಾಗಲೂ ಮನೆಗೆಲಸಕ್ಕೇ ಹೋಗೋದು. ಅದರಲ್ಲಿ ತಪ್ಪೇನು?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಆಕ್ಷೇಪ ಆ ಕೆಲಸದ ಮೇಲಲ್ಲ, ಅದನ್ನು ಮಾಡುವವಳಿಗೆ ಕಥೆಯಲ್ಲಿ ಬೇರೆ ಮಾತೇ ಇಲ್ಲದಿರುವುದರ ಮೇಲೆ ಎಂದು ನಾನು ಹೇಳಬೇಕಿತ್ತು. ಅದು ಹೊಳೆದದ್ದು ಮನೆಗೆ ಬಂದ ಮೇಲೆ. ಆ ಹುಡುಗಿ ತಾಯಿಯನ್ನೇ ಸಂದರ್ಶಿಸಿ, ಶ್ರೀಮಂತರ ಮನೆಯ ಫ್ರಿಜ್ ನೋಡಿ ಏನೇನು ತಿಳಿಯಬಹುದೆಂಬ ತಮಾಷೆಯ ಲೇಖನ ತಂದಳು. ನನ್ನ ಎಲ್ಲ ಸ್ಲೈಡುಗಳಿಗಿಂತ ಅದು ಮೇಲಾಗಿತ್ತು.

4. ಗೋಡೆಯ ಮೇಲಿನ ಮಹಿಳೆಯರು ದೂರದವರು.

1962ರಲ್ಲಿ ಸೀಸರ್ ಚಾವೆಜ್ ಜೊತೆ ಕೃಷಿಕಾರ್ಮಿಕರ ಸಂಘ ಕಟ್ಟಿದ ಡೊಲೊರೆಸ್ ವೆರ್ಟಾ, 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ನ್ಯಾಯಮೂರ್ತಿಯಾದ ಸೋನಿಯಾ ಸೊಟೊಮಯೊರ್, ಇವರ ಚಿತ್ರಗಳನ್ನು ಗೋಡೆಗೆ ಅಂಟಿಸಿದ್ದೆ. ಹುಡುಗಿಯರು ಗೌರವದಿಂದ ನೋಡಿ ಮರೆತರು. ಅವರನ್ನು ಹಿಡಿದು ನಿಲ್ಲಿಸಿದ್ದು ಸಿಲ್ವಿಯಾ ಮೆಂಡೆಸ್. 1940ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ವೆಸ್ಟ್‌ಮಿನ್‌ಸ್ಟರ್ ಊರಿನಲ್ಲಿ ಎಂಟರ ಆ ಹುಡುಗಿಯನ್ನೂ ಅವಳ ತಮ್ಮಂದಿರನ್ನೂ ಬಿಳಿಯರ ಶಾಲೆಗೆ ಸೇರಿಸಿಕೊಳ್ಳಲಿಲ್ಲ. ಜೊತೆಯಲ್ಲೇ ಹೋದ ಅತ್ತೆಯ ಮಕ್ಕಳಿಗೆ ತಿಳಿ ಮೈಬಣ್ಣವೂ ಫ್ರೆಂಚರಂಥ ಮನೆತನದ ಹೆಸರೂ ಇದ್ದದ್ದರಿಂದ ಬಾಗಿಲು ತೆರೆಯಿತು. ಅವಳ ತಂದೆ ಮತ್ತಿತರರು ಹೂಡಿದ ಮೊಕದ್ದಮೆ 1947ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲೂ ಗೆದ್ದಿತು. ದೇಶದ ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಸುಪ್ರೀಂ ಕೋರ್ಟ್ ಹೇಳಿದ್ದು ಅದಕ್ಕೂ ಏಳು ವರ್ಷ ತಡವಾಗಿ.

ಆ ದಿನ ನಮ್ಮ ಕೋಣೆಯಲ್ಲಿ ಚರ್ಚೆ ನಡೆದದ್ದು ಕಾನೂನಿನ ಮೇಲಲ್ಲ; ಒಳಗೆ ಹೋದ ಆ ಸೋದರಸಂಬಂಧಿಗಳಿಗೆ ಏನನ್ನಿಸಿರಬೇಕು ಎಂಬುದರ ಮೇಲೆ. ಅಲ್ಲಿಂದ ಹುಡುಗಿಯರು ತಮ್ಮ ಮನೆಗಳ ಹಿರಿಯರನ್ನು ಕೇಳತೊಡಗಿದರು. ನಾವು ಸಿಲಿಕಾನ್ ಕಣಿವೆ ಎನ್ನುವ ಈ ನೆಲ ಕಂಪ್ಯೂಟರ್ ಚಿಪ್‌ಗಳಿಗೆ ಮೊದಲು ಜರ್ದಾಳು ತೋಟಗಳದ್ದು, ಹಣ್ಣಿನ ಡಬ್ಬಿ ಕಾರ್ಖಾನೆಗಳದ್ದು. ಅಲ್ಲಿ ಸಾಲಿನಲ್ಲಿ ನಿಂತು ಹಣ್ಣು ಬಿಡಿಸಿದ ಅಜ್ಜಿಯರು ಇನ್ನೂ ಇದೇ ಬೀದಿಗಳಲ್ಲಿದ್ದಾರೆ. ಅಂಥ ಒಬ್ಬ ಅಜ್ಜಿಗೆ ಕೇಳಲು ನಾನು ಬರೆದುಕೊಟ್ಟ ಪ್ರಶ್ನೆ "ನಿಮ್ಮ ಹೋರಾಟದ ಬಗ್ಗೆ ಹೇಳಿ" ಎಂದಿತ್ತು. ಮೊಮ್ಮಗಳು ಅದನ್ನು ಬದಿಗಿಟ್ಟು, "ಮೊದಲ ಸಂಬಳದಲ್ಲಿ ಏನು ಕೊಂಡುಕೊಂಡೆ ಅಜ್ಜಿ?" ಎಂದು ಕೇಳಿದಳು. ಅಜ್ಜಿ ಮಾತು ನಿಲ್ಲಿಸಲೇ ಇಲ್ಲ.

5. ತಾಯಂದಿರು ಅಡ್ಡಿಯಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಬಾರದಿದ್ದಾಗ, ಹೆಣ್ಣುಮಕ್ಕಳನ್ನು ಹೊರಗೆ ಬಿಡದ ಹಳೇ ಕಾಲದವರು ಎಂದು ಮನಸ್ಸಿನಲ್ಲೇ ಷರಾ ಬರೆದೆ. ಹಾಸನದಲ್ಲಿ ನನ್ನಮ್ಮ ನಾಟಕದ ತಾಲೀಮಿಗೆ ಕಳಿಸುವ ಮುನ್ನ "ಯಾರ್ಯಾರು ಇರ್ತಾರೆ, ಮನೆಗೆ ಯಾರು ಬಿಡ್ತಾರೆ?" ಎಂದು ಕೇಳುತ್ತಿದ್ದುದು ಆಗ ನೆನಪಾಗಲಿಲ್ಲ. ಈ ತಾಯಂದಿರಿಗೂ ತಿಳಿಯಬೇಕಿದ್ದದ್ದು ಅಷ್ಟೇ, ನನ್ನ ಪತ್ರದಲ್ಲಿ ಅದೊಂದನ್ನು ಬಿಟ್ಟು ಬೇರೆಲ್ಲ ಇತ್ತು. ಒಂದು ಸಂಜೆ ಕಾಫಿ, ಪಾನ್ ದುಲ್ಸೆ ಎಂಬ ಸಿಹಿ ಬ್ರೆಡ್ಡು ಇಟ್ಟು ಎಲ್ಲರನ್ನೂ ಕರೆದೆವು. ಈಗ ಹಾಜರಿ ಪುಸ್ತಕ ನೋಡಿಕೊಳ್ಳುವುದು ಅವರಲ್ಲೊಬ್ಬಾಕೆ. ನನಗಿಂತ ಕಟ್ಟುನಿಟ್ಟು.

6. ಹೆಸರು ಅಚ್ಚಾಗುವುದು ಎಲ್ಲರಿಗೂ ಹೆಮ್ಮೆಯ ವಿಷಯವಲ್ಲ.

ಪತ್ರಿಕೆಯವಳಾದ ನನಗೆ ಬರೆದವರ ಹೆಸರು ಹಾಕುವುದೆಂದರೆ ಮರ್ಯಾದೆ. ಹಾಗಾಗಿ ಕೇಳದೆಯೇ ಗುಂಪಿನ ಫೋಟೊವನ್ನು ಹೆಸರುಗಳ ಸಮೇತ ಹಾಕಿಬಿಟ್ಟೆ. ಮರುದಿನ ಒಬ್ಬ ತಾಯಿ ಫೋನ್ ಮಾಡಿ, ದನಿ ಏರಿಸದೆ, ತೆಗೆಯಿರಿ ಎಂದರು. ಒಂದೇ ಮನೆಯಲ್ಲಿ ಮಗಳು ಇಲ್ಲೇ ಹುಟ್ಟಿದ ಪ್ರಜೆ, ಅಪ್ಪನಿಗೆ ಕಾಗದಪತ್ರವಿಲ್ಲ ಎಂಬ ಸ್ಥಿತಿ ಇಲ್ಲಿ ಅಪರೂಪವೇನಲ್ಲ. ಹದಿಮೂರರೊಳಗಿನ ಮಕ್ಕಳ ವಿವರ ಆನ್‌ಲೈನ್‌ನಲ್ಲಿ ಪಡೆಯಲು ಪೋಷಕರ ಒಪ್ಪಿಗೆ ಬೇಕೆಂಬ 1998ರ ಕಾನೂನು ಈ ದೇಶದಲ್ಲಿದೆ. ಆದರೆ ಹದಿನಾರರವಳ ಮನೆಯ ಭಯಕ್ಕೆ ಆ ಕಾನೂನು ಸಾಲದು. ಈಗ ಪ್ರತಿ ಬರಹಕ್ಕೂ ಎರಡು ಸಲ ಕೇಳುತ್ತೇವೆ, ಬರೆದಾಗ ಒಮ್ಮೆ, ಅಚ್ಚಿಗೆ ಹೋಗುವ ಮುನ್ನ ಇನ್ನೊಮ್ಮೆ: ಪೂರ್ತಿ ಹೆಸರೋ, ಕಾವ್ಯನಾಮವೋ, ಹೆಸರೇ ಬೇಡವೋ? ಊರು, ಶಾಲೆ, ಅಪ್ಪ ದುಡಿಯುವ ಜಾಗ ಬರಹದಲ್ಲಿ ಕಂಡರೆ ಅದನ್ನೂ ಕೇಳುತ್ತೇವೆ. ಆಮೇಲೆ ತೆಗೆಯಿರಿ ಎಂದರೆ ಕಾರಣ ಕೇಳುವುದಿಲ್ಲ.

7. ಮೈಕ್ ಕೊಡುವುದು ಸುಲಭ, ಕತ್ತರಿ ಕೊಡುವುದು ಕಷ್ಟ.

ಇದನ್ನು ಕಲಿಯಲು ನನಗೆ ಬಹಳ ಕಾಲ ಹಿಡಿಯಿತು. ಹದಿನಾಲ್ಕರ ಹುಡುಗಿಯೊಬ್ಬಳು ಮುಂದೆ ಬರಲಿದ್ದ ತನ್ನ ಕಿನ್ಸಿಯಾನ್ಯೇರಾ ಬಗ್ಗೆ ಬರೆದಿದ್ದಳು. ಹದಿನೈದು ತುಂಬಿದಾಗ ಮಾಡುವ ಆ ಸಂಭ್ರಮದ ನಿಲುವಂಗಿ, ಗೆಳೆಯ ಗೆಳತಿಯರ ಮೆರವಣಿಗೆ, ಅಪ್ಪನೊಡನೆ ಕುಣಿತ, ಖರ್ಚು ಹಂಚಿಕೊಳ್ಳುವ ಪದ್ರಿನೊ ಮದ್ರಿನಾಗಳು, ಎಲ್ಲವೂ ಅದರಲ್ಲಿತ್ತು. ಖರ್ಚು ದಂಡವಲ್ಲವೇ ಎಂಬ ಅನುಮಾನ ಒಂದೇ ಸಾಲಿನಲ್ಲಿ ಬಂದುಹೋಗಿತ್ತು. ನಾನು ತಿದ್ದಿದೆ. ಆ ಅನುಮಾನ ಮೊದಲ ಪ್ಯಾರಾಕ್ಕೆ ಏರಿತು, ನಿಲುವಂಗಿ ಕೊನೆಗೆ ಇಳಿಯಿತು, ಇಂಗ್ಲಿಷ್ ನಡುವೆ ಬಂದಿದ್ದ ಸ್ಪ್ಯಾನಿಷ್ ಮಾತುಗಳು ಹೋದವು. ಲೇಖನ 'ಪ್ರಗತಿಪರ'ವಾಯಿತು. ಓದಿದವರೆಲ್ಲ ಮೆಚ್ಚಿದರು. ಬರೆದವಳು ಮತ್ತೆ ಬರಲಿಲ್ಲ. ಅವಳ ಗೆಳತಿಯ ಕೈಲಿ ಕ್ಷಮೆ ಕೇಳಿ ಕಳಿಸಿದ್ದಕ್ಕೆ ಉತ್ತರವೂ ಬರಲಿಲ್ಲ.

ಕತ್ತರಿಯನ್ನು, ಅಂದರೆ ತಿದ್ದುವ ಅಧಿಕಾರವನ್ನು, ಬಿಟ್ಟುಕೊಡಬೇಕೆಂಬುದನ್ನು ನನಗಿಂತ ಮುಂಚಿನವರು ಬಲ್ಲವರಾಗಿದ್ದರು. 1979ರಲ್ಲಿ ವಾಷಿಂಗ್ಟನ್ ರಾಜ್ಯದ ಗ್ರೇಂಜರ್‌ನಲ್ಲಿ ಕೃಷಿಕಾರ್ಮಿಕರಿಗಾಗಿ ಶುರುವಾದ ರೇಡಿಯೊ ಕೆಡಿಎನ್ಎಯ ಮೊದಲ ವ್ಯವಸ್ಥಾಪಕಿ ರೋಸಾ ರಮೋನ್. ಅಲ್ಲಿ ಹೆಂಗಸರಿಗೆ ಕಾರ್ಯಕ್ರಮ ಮಾಡುವುದನ್ನೂ ಸುದ್ದಿ ವಿಭಾಗ ನಡೆಸುವುದನ್ನೂ ಕಲಿಸಿದರು. 2002ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಇಬ್ಬರು ವಿದ್ಯಾರ್ಥಿನಿಯರು ಕಾಲೇಜಿನ ಯೋಜನೆಯಾಗಿ ಶುರು ಮಾಡಿದ 'ಲಟಿನಿಟಾಸ್' ಪತ್ರಿಕೆಯಲ್ಲಿ ಹುಡುಗಿಯರಿಗಾಗಿ ಹುಡುಗಿಯರೇ ಬರೆಯುತ್ತಾರೆ. ನಮ್ಮಲ್ಲೂ ಈಗ ಹುಡುಗಿಯರದೇ ಸಂಪಾದಕ ಮಂಡಳಿ. ನನ್ನ ಪಾಲಿಗೆ ಕಾಗುಣಿತ, ಅದೂ ಅವರು ಕೇಳಿದರೆ. ಬಂದದ್ದನ್ನು ತಿರಸ್ಕರಿಸುವ ಅಧಿಕಾರ ಸಿಕ್ಕಿದ ಮೇಲೆಯೇ ಅವರು ಒಬ್ಬರ ಬರಹವನ್ನೊಬ್ಬರು ಗಮನವಿಟ್ಟು ಓದತೊಡಗಿದರು. ನನಗೆ ಹಿಡಿಸದ ಲೇಖನಗಳು ಧಾರಾಳವಾಗಿ ಅಚ್ಚಾಗುತ್ತವೆ.

8. ಕಣ್ಣೀರು ತೋರಿಸಿ ಹಣ ಕೇಳಬೇಡಿ.

ದೇಣಿಗೆಯ ಔತಣಕೂಟವೊಂದರಲ್ಲಿ ಹುಡುಗಿಯೊಬ್ಬಳಿಂದ ಮನೆಯ ಕಷ್ಟ ಹೇಳಿಸಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಚೆಕ್ಕುಗಳೂ ಬಂದವು. ಹಿಂದಿರುಗುವಾಗ ಕಾರಿನಲ್ಲಿ ಅವಳು, "ಮಿಸ್, ನನ್ನ ಮಿಡತೆಗಳ ಎಪಿಸೋಡ್ ಹಾಕಬಹುದಿತ್ತಲ್ಲ?" ಎಂದಳು. ಹೌದು, ಹಾಕಬಹುದಿತ್ತು. ಹುರಿದ ಮಿಡತೆ ತಿನ್ನುವ ವಹಾಕಾದ ಅಜ್ಜನ ಜೊತೆ ಅವಳು ಮಾಡಿದ ಆ ತುಣುಕು ಕೇಳಿದವರು ಬಿದ್ದು ಬಿದ್ದು ನಗುತ್ತಿದ್ದರು. ಈಗ ದಾನಿಗಳಿಗೆ ಕೇಳಿಸುವುದು ಹುಡುಗಿಯರ ಕೆಲಸವನ್ನು, ಅವರೇ ಆರಿಸಿದ್ದನ್ನು. ಹಣ ಸ್ವಲ್ಪ ಕಡಿಮೆ ಬರುತ್ತದೆ. ಬಂದದ್ದರಲ್ಲಿ ಸಂಪಾದಕಿಯರಿಗೆ ಪುಟ್ಟ ಸಂಭಾವನೆ ಕೊಡುತ್ತೇವೆ.

9. ಹೊಸದನ್ನು ಶುರು ಮಾಡುವ ಮೊದಲು ಇರುವುದರ ಬಾಗಿಲು ತಟ್ಟಿ.

ಕೂಟದ ಗೆಳತಿಯರಿಗೆ ನಾನು ಹೇಳುವುದಿಷ್ಟು. ನಿಮ್ಮೂರಿನ ಗ್ರಂಥಾಲಯಕ್ಕೋ ಸಮುದಾಯ ಕೇಂದ್ರಕ್ಕೋ ಹೋಗಿ, ಯಾವ ದಿನ ಜನ ಸಾಲದೆಂದು ಕೇಳಿ. ಕುರ್ಚಿ ಜೋಡಿಸಿ, ಚಿಕ್ಕಮಕ್ಕಳನ್ನು ನೋಡಿಕೊಳ್ಳಿ, ಮಕ್ಕಳನ್ನು ಮನೆಗೆ ಬಿಡುವ ವ್ಯವಸ್ಥೆ ಏನೆಂದು ವಿಚಾರಿಸಿ. ಸಲಹೆ ಕೊಡುವ ಆಸೆ ಬಂದರೆ ಕಾಫಿ ಕುಡಿಯಿರಿ. ಮುಖ್ಯವಾಗಿ, ಪತ್ರಿಕೆಗೆ ಹೆಸರು ಸೂಚಿಸಲು ಹೋಗಬೇಡಿ. ನಾನು ಸೂಚಿಸಿದ ಹೆಸರನ್ನು ಮತಕ್ಕೆ ಹಾಕಿದರು; ಪರವಾಗಿ ಬಿದ್ದದ್ದು ನನ್ನದೊಂದೇ ಕೈ, ಅದನ್ನೂ ನಿಯಮದ ಪ್ರಕಾರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.