ಗ್ರಾಮದ ಕೊಳಚೆ ನೀರೂ ಅದರ ಅಪಾಯವನ್ನು ಅಳೆಯುವ ಕ್ರಮವೂ

ಸೊರಬ ತಾಲ್ಲೂಕಿನ ಆನವಟ್ಟಿಗೆ ಸಮೀಪದಲ್ಲಿದ್ದು ಕೈಟಭೇಶ್ವರ ದೇವಾಲಯದಿಂದ ಪ್ರಸಿದ್ಧವಾಗಿರುವ ಕುಬಟೂರು, ಬತ್ತದ ಗದ್ದೆಗಳೂ ಕೆರೆಗಳೂ ಹೆಚ್ಚಾಗಿರುವ ಸೀಮೆಯ ಗ್ರಾಮವು. ಇಂತಹ ಸೀಮೆಯಲ್ಲಿ ಬಚ್ಚಲು, ಕೊಟ್ಟಿಗೆ, ಪಾಯಿಖಾನೆಗಳ ನೀರು ಇಳಿಜಾರನ್ನು ಹಿಡಿದು ಕೆರೆಯನ್ನಾಗಲಿ ಗದ್ದೆಯನ್ನಾಗಲಿ ಸೇರುವುದು ಸಹಜ. 2019ರಲ್ಲಿ ಆರಂಭವಾದ ಜಲ ಜೀವನ ಯೋಜನೆಯು ಒಬ್ಬರಿಗೆ ದಿನಕ್ಕೆ 55 ಲೀಟರು ನಲ್ಲಿ ನೀರನ್ನು ಒದಗಿಸುವ ಗುರಿಯುಳ್ಳದ್ದು. ಮನೆಯೊಂದಕ್ಕೆ ಐದು ಜನರಂತೆ ನೂರು ಮನೆಗಳಿಗೆ ಇದು 27,500 ಲೀಟರಾಗುವುದು. ಅದರಲ್ಲಿ ಮೂರರಲ್ಲಿ ಎರಡು ಪಾಲು ಕೊಳಚೆಯಾದರೂ ದಿನವೊಂದಕ್ಕೆ 18,000 ಲೀಟರಿಗೆ ಮೇಲಾಗುವುದು. ಈ ನೀರಿನಲ್ಲಿ ಸಾರಜನಕ, ರಂಜಕಗಳಿರುವುದರಿಂದ ಪೈರಿಗೆ ಬಲ ಬರುವುದು ನಿಜ. ಆದರೆ ರೋಗಬೀಜಗಳೂ ಅದರೊಡನೆಯೇ ಹರಿಯುತ್ತವೆ. ಆದಕಾರಣ ಈ ನೀರನ್ನು ಉಪಯೋಗಿಸುವ ಮೊದಲು ನಾಲ್ಕು ಸಂಗತಿಗಳನ್ನು ಪರ್ಯಾಲೋಚಿಸತಕ್ಕದ್ದು.

ಮೊದಲನೆಯದು, ನೀರಿನಲ್ಲಿ ಏನು ಸೇರಿದೆಯೆಂಬುದು. ಬರಿಯ ಬಚ್ಚಲ ನೀರಿನ ಅಪಾಯವು ಅಲ್ಪವು. ಮಲ ಸೇರಿದರೆ ವಾಂತಿಭೇದಿ, ವಿಷಮಶೀತ ಜ್ವರಗಳ ಬೀಜಗಳೂ ಜಂತುಹುಳುಗಳ ಮೊಟ್ಟೆಗಳೂ ಬರುವುವು. ಇಲಿ ಮತ್ತು ದನಗಳ ಮೂತ್ರ ಸೇರಿದರೆ ಇಲಿಜ್ವರದ ಭಯವುಂಟು.

ಎರಡನೆಯದು, ನೀರು ಎಷ್ಟು ದಿನ ನಿಲ್ಲುವುದೆಂಬುದು. ಹೊಂಡಗಳಲ್ಲಿ 8ರಿಂದ 10 ದಿನ ನಿಂತರೆ ಜಂತುಹುಳುಗಳ ಮೊಟ್ಟೆಗಳು ಬಹುಮಟ್ಟಿಗೆ ತಳಕ್ಕಿಳಿಯುವುವು. ಬ್ಲೀಚಿಂಗ್ ಪುಡಿಯಿಂದ ಈ ಮೊಟ್ಟೆಗಳು ಸಾಯುವುದಿಲ್ಲ.

ಮೂರನೆಯದು, ಯಾವ ಬೆಳೆಗೆ ನೀರು ಹಾಯುವುದೆಂಬುದು. ಸುಲಿದು ಬೇಯಿಸುವ ಅಡಿಕೆಗೂ, ಬೇಯಿಸಿ ಉಣ್ಣುವ ಬತ್ತಕ್ಕೂ, ಹಸಿಯಾಗಿ ತಿನ್ನುವ ಮೂಲಂಗಿ, ಕೊತ್ತಂಬರಿಗಳಿಗೂ ಭೇದವುಂಟು.

ನಾಲ್ಕನೆಯದು, ನೀರನ್ನು ಯಾರು ಮುಟ್ಟುವರೆಂಬುದು. ಸಾಮಾನ್ಯವಾಗಿ ಮರೆಯಲ್ಪಡುವುದು ಇದೇ. ಬತ್ತದ ವಿಷಯದಲ್ಲಿ ಅಪಾಯವಿರುವುದು ಉಣ್ಣುವವರ ತಟ್ಟೆಯಲ್ಲಲ್ಲ, ನಾಟಿ ಮಾಡುವವರ ಬರಿಗಾಲಿನಲ್ಲಿ. ಕೊಕ್ಕೆಹುಳುವಿನ ಮರಿಯು ಅಂಗಾಲಿನ ಚರ್ಮವನ್ನೇ ಕೊರೆದು ಒಳಹೊಕ್ಕು ರಕ್ತಹೀನತೆಯನ್ನು ಉಂಟುಮಾಡುವುದು. ಇಲಿಜ್ವರದ ಅಣುಗಳು ಗಾಯ, ಬಿರುಕುಗಳ ಮೂಲಕ ಪ್ರವೇಶಿಸುವುವು.

ವಿಶ್ವ ಆರೋಗ್ಯ ಸಂಸ್ಥೆಯು 1989ರಲ್ಲಿ, ಹಸಿಯಾಗಿ ತಿನ್ನುವ ಬೆಳೆಗಳಿಗೆ ಹಾಯಿಸುವ ನೀರಿನ ಒಂದು ಲೀಟರಿನಲ್ಲಿ ಜಂತುಹುಳುವಿನ ಮೊಟ್ಟೆ ಒಂದಕ್ಕಿಂತ ಹೆಚ್ಚಿರಬಾರದೆಂದೂ, 100 ಮಿಲಿಲೀಟರಿನಲ್ಲಿ ಮಲಜನ್ಯ ಅಣುಜೀವಿಗಳು 1,000ವನ್ನು ಮೀರಬಾರದೆಂದೂ ಸೂಚಿಸಿತು. 2006ರ ಸೂಚನೆಗಳಾದರೋ ನೀರಿನ ಶುದ್ಧೀಕರಣವೊಂದನ್ನೇ ನೆಚ್ಚದೆ, ಮನೆಯಿಂದ ಬಾಯಿಯವರೆಗಿನ ಪ್ರತಿಯೊಂದು ತಡೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಉದಾಹರಣೆಗೆ, ಶುದ್ಧವಾದ ನೀರಿನಲ್ಲಿ ತರಕಾರಿಯನ್ನು ತೊಳೆದರೆ ರೋಗಾಣುಗಳು ಹತ್ತರಲ್ಲಿ ಒಂದು ಪಾಲಿಗೂ, ಸಿಪ್ಪೆ ತೆಗೆದರೆ ನೂರರಲ್ಲಿ ಒಂದು ಪಾಲಿಗೂ ಇಳಿಯುವುವೆಂದು ಅಲ್ಲಿ ಎಣಿಸಲಾಗಿದೆ.

ಈ ಪರೀಕ್ಷೆಯ ಅವಶ್ಯಕತೆಯು ಕೋಲಾರ ಜಿಲ್ಲೆಯಲ್ಲಿ ವ್ಯಕ್ತವಾಯಿತು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರನ್ನು ದಿನಕ್ಕೆ 44 ಕೋಟಿ ಲೀಟರಿನಂತೆ ಅಲ್ಲಿಯ ಕೆರೆಗಳಿಗೆ ತುಂಬಿಸುವ ಯೋಜನೆಯು 2018ರ ಜೂನ್ ತಿಂಗಳಲ್ಲಿ ಆರಂಭವಾಯಿತು. ಮರುತಿಂಗಳಿನಲ್ಲಿಯೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು, ವಿಷಯವು ಹೈಕೋರ್ಟಿನವರೆಗೆ ಹೋಯಿತು. ನೊರೆಯು ಕಣ್ಣಿಗೆ ಬಿದ್ದುದರಿಂದ ಜನರು ಎಚ್ಚೆತ್ತರು. ಹಳ್ಳಿಯ ಕಾಲುವೆಯಲ್ಲಿ ಹರಿಯುವ ರೋಗಾಣುವು ಕಣ್ಣಿಗೆ ಬೀಳುವುದಿಲ್ಲ; ತಿಳಿಯಾದ ನೀರೆಲ್ಲವೂ ನಿರಪಾಯವೆಂದು ನಂಬತಕ್ಕದ್ದಲ್ಲ.

ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಶ್ರೇಯಸ್ಕರ:

1. ಪಾಯಿಖಾನೆಯ ನೀರನ್ನು ಚರಂಡಿಗೆ ಬಿಡಬಾರದು. ಜೋಡಿ ಗುಂಡಿಗಳನ್ನು ತೋಡಿಸಿ, ತುಂಬಿದ ಗುಂಡಿಯನ್ನು ಮುಚ್ಚಿ, ಒಂದೂವರೆ ವರ್ಷ ಕಳೆದ ಬಳಿಕ ಗೊಬ್ಬರವನ್ನು ತೆಗೆಯಬೇಕು.

2. ಬಚ್ಚಲ ನೀರನ್ನು ಹಿತ್ತಲಿನ ಇಂಗುಗುಂಡಿಗಾಗಲಿ ಬಾಳೆಯ ಪಾತಿಗಾಗಲಿ ತಿರುಗಿಸಬೇಕು. ಮಿಕ್ಕ ನೀರು ಕೆರೆ ಸೇರುವ ಮೊದಲು ಹೊಂಡಗಳಲ್ಲಿ ನಿಲ್ಲತಕ್ಕದ್ದು.

3. ಕೊಳಚೆ ನೀರನ್ನು ಹಸಿ ತರಕಾರಿಗೆ ಹಾಯಿಸಬಾರದು. ಇತರ ತರಕಾರಿಗೆ ಹಾಯಿಸಿದ್ದರೆ ಕೊಯ್ಲಿಗೆ ಕೆಲವು ದಿನ ಮುಂಚಿತವಾಗಿ ನಿಲ್ಲಿಸಬೇಕು. ಬಿಸಿಲಿನಿಂದ ರೋಗಾಣುಗಳು ದಿನೇ ದಿನೇ ಕ್ಷೀಣಿಸುವುವು.

4. ಕೆಸರಿನಲ್ಲಿ ದುಡಿಯುವ ಆಳುಗಳಿಗೆ ಮೊಣಕಾಲುದ್ದದ ರಬ್ಬರು ಬೂಟುಗಳನ್ನೂ, ಕೈಕಾಲು ತೊಳೆಯಲು ಶುದ್ಧ ನೀರನ್ನೂ ಸಾಬೂನನ್ನೂ ಒದಗಿಸಬೇಕು. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವಿಕೆಗಳು ಕಂಡರೆ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ, ಗದ್ದೆಯಲ್ಲಿ ದುಡಿದ ಸಂಗತಿಯನ್ನು ವೈದ್ಯರಿಗೆ ತಿಳಿಸತಕ್ಕದ್ದು.

ನಾಟಿಯ ಕಾಲದಲ್ಲಿ ಆಳು ಹಾಸಿಗೆ ಹಿಡಿದರೆ ಅವನ ಕುಟುಂಬಕ್ಕೆ ಕೂಲಿಯೂ ಗದ್ದೆಗೆ ಹದವೂ ತಪ್ಪುವುವು. ಮಳೆಗಾಲಕ್ಕೆ ಮುಂಚೆಯೇ ಪಂಚಾಯಿತಿಯವರು ಚರಂಡಿಯ ಜಾಡನ್ನು ಮನೆಯಿಂದ ಕೆರೆಯವರೆಗೆ ಒಮ್ಮೆ ನಡೆದು ನೋಡಿ, ಮಲವು ಸೇರುವ ಸ್ಥಳಗಳನ್ನು ಗುರುತಿಸುವುದೇ ಈ ಕಾರ್ಯದ ಮೊದಲ ಹೆಜ್ಜೆಯು.