ಪ್ರಕಟಣೆ ಕೊನೆಯ ಮನೆಗೂ ಮುಟ್ಟಬೇಕು
(ಸ್ವಸಹಾಯ ಗುಂಪುಗಳ ಸಭೆಗಾಗಿ ಪಾಠ)



ಈ ಸಲದ ಸಭೆಗೆ ಕೊರೊನಾ ಕಾಲದ ಒಂದು ಪಾಠವನ್ನು ಆರಿಸಿಕೊಂಡಿದ್ದೇನೆ. "ಅದೆಲ್ಲಾ ಮುಗೀತಲ್ಲಾ ಸಿಸ್ಟರ್, ಈಗ್ಯಾಕೆ?" ಎಂದು ನೀವು ಕೇಳಬಹುದು. ನಿಜ, ಆ ರೋಗದ ತುರ್ತು ಪರಿಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದೇ ಹೇಳಿತು. ಆದರೆ ಆ ದಿನಗಳಲ್ಲಿ ನಾವು ಮಾಡಿದ ಒಂದು ತಪ್ಪನ್ನು ಇವತ್ತಿಗೂ ಮಾಡುತ್ತಿದ್ದೇವೆ. ಅದನ್ನು ತಿದ್ದಿಕೊಳ್ಳೋಣ ಅಂತ ಈ ಪಾಠ.

ಪಾಠದ ಉದ್ದೇಶ: ಸುದ್ದಿ ಕಳಿಸುವುದು ಬೇರೆ, ಸುದ್ದಿ ಮುಟ್ಟುವುದು ಬೇರೆ ಎಂದು ಅರಿಯುವುದು. ಗುಂಪಿನ ಪ್ರತಿಯೊಬ್ಬ ಸದಸ್ಯೆಗೂ ಸರಿಯಾದ ಮಾಹಿತಿ ಮುಟ್ಟುವಂತೆ ಏರ್ಪಾಡು ಮಾಡಿಕೊಳ್ಳುವುದು.

1. ಮೊದಲು ಸುದ್ದಿ ಹೇಗೆ ಮುಟ್ಟುತ್ತಿತ್ತು?

ನಮ್ಮ ಗುಂಪುಗಳಲ್ಲಿ ಎಲ್ಲಾ ಜಾತಿ, ಧರ್ಮದವರಿದ್ದೀರಿ. ಚರ್ಚಿಗೆ ಬಾರದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಭಾನುವಾರದ ಬಲಿಪೂಜೆ ಮುಗಿಯುವ ಹೊತ್ತಿಗೆ ಗುರುಗಳು ಪ್ರಕಟಣೆಗಳನ್ನು ಓದುತ್ತಾರೆ. ಯಾರ ಮದುವೆ ಗೊತ್ತಾಗಿದೆ, ಯಾರಿಗೆ ಕಾಯಿಲೆ, ಕಣ್ಣಿನ ತಪಾಸಣೆ ಯಾವತ್ತು, ಮಕ್ಕಳ ಶುಲ್ಕದ ಅರ್ಜಿ ಎಲ್ಲಿ ಸಿಗುತ್ತದೆ, ಎಲ್ಲವನ್ನೂ ಅಲ್ಲಿ ಹೇಳುತ್ತಾರೆ. ಓದು ಬಾರದವರ ಕಿವಿಗೂ ಅದು ಬೀಳುತ್ತದೆ. ಸರಿಯಾಗಿ ಕೇಳಿಸದವರು ಹೊರಗೆ ಅಂಗಳದಲ್ಲಿ "ಏನಂದ್ರು? ಎಷ್ಟು ಗಂಟೆಗಂತೆ?" ಎಂದು ವಿಚಾರಿಸಿಕೊಳ್ಳುತ್ತಾರೆ. ಮಸೀದಿಯ ಮೈಕು, ಊರಿನ ಡಂಗುರ, ನೀರಿನ ನಲ್ಲಿಯ ಹತ್ತಿರದ ಮಾತು, ಇವೆಲ್ಲ ಮಾಡುವ ಕೆಲಸವೂ ಅದೇ. ಒಬ್ಬರು ಹೇಳಿದ್ದನ್ನು ಹತ್ತು ಜನ ಸೇರಿ ಪಕ್ಕಾ ಮಾಡಿಕೊಳ್ಳುತ್ತಿದ್ದೆವು.

2. ಬಾಗಿಲು ಮುಚ್ಚಿದಾಗ ಏನಾಯಿತು?

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯಲ್ಲೇ ದಾಖಲಾಯಿತು. ಮಾರ್ಚ್ 22ರ ಭಾನುವಾರ ಜನತಾ ಕರ್ಫ್ಯೂ, 25ರಿಂದ ಇಡೀ ದೇಶಕ್ಕೆ ಲಾಕ್‌ಡೌನ್. ಗುಡಿ, ಮಸೀದಿ, ಚರ್ಚು ಎಲ್ಲವೂ ಮುಚ್ಚಿದವು. ಮಾರ್ಚ್ 27ರಂದು ಆಗಿನ ಜಗದ್ಗುರು ಪೋಪ್ ಫ್ರಾನ್ಸಿಸ್‌ರವರು ರೋಮಿನ ದೊಡ್ಡ ಚೌಕದಲ್ಲಿ, ಮಳೆಯಲ್ಲಿ, ಜನರಿಲ್ಲದೆ ಪ್ರಾರ್ಥಿಸಿದ್ದನ್ನು ಟಿವಿಯಲ್ಲಿ ನೋಡಿ ಎಷ್ಟೋ ಮಂದಿ ಅತ್ತರು. ಆ ವರ್ಷ ಏಪ್ರಿಲ್ 10ರ ಶುಭ ಶುಕ್ರವಾರ, 12ರ ಈಸ್ಟರ್ ಹಬ್ಬ ಎರಡನ್ನೂ ಮನೆಯಲ್ಲೇ ಮಾಡಿದೆವು. ಶವಸಂಸ್ಕಾರಕ್ಕೆ 20 ಜನಕ್ಕಿಂತ ಹೆಚ್ಚು ಸೇರುವಂತಿರಲಿಲ್ಲ.

ಪೂಜೆ ನಿಂತಿತು ಎಂದು ಎಲ್ಲರಿಗೂ ಕಾಣಿಸಿತು. ಪ್ರಕಟಣೆಯೂ ನಿಂತಿತು ಎಂಬುದು ಯಾರಿಗೂ ತಟ್ಟನೆ ಹೊಳೆಯಲಿಲ್ಲ. ಹೇಳಬೇಕಾದ ವಿಷಯಗಳೆಲ್ಲ ಮೊಬೈಲಿಗೆ ಹೋದವು. ಹೊಟ್ಟೆಗೆ, ಔಷಧಿಗೆ ಸಂಬಂಧಪಟ್ಟ ಸುದ್ದಿ ಅತ್ಯಂತ ಬೇಕಾಗಿದ್ದ ಸಮಯದಲ್ಲೇ ಹೀಗಾಯಿತು.

3. ನಾನು ಮಾಡಿದ ತಪ್ಪು

ಆ ಏಪ್ರಿಲ್‌ನಲ್ಲಿ ನಾವು ಅಕ್ಕಿ, ಬೇಳೆ, ಎಣ್ಣೆ, ಸೋಪಿನ ಕಿಟ್ ಹಂಚಿದೆವು. ಹಿಂದಿನ ರಾತ್ರಿ 8 ಗಂಟೆಗೆ ನಾನೇ ವಾಟ್ಸ್‌ಆ್ಯಪ್‌ನಲ್ಲಿ ಹಾಕಿದೆ: "ನಾಳೆ ಬೆಳಿಗ್ಗೆ 10ಕ್ಕೆ ಚರ್ಚಿನ ಹಿಂದಿನ ಸಭಾಂಗಣಕ್ಕೆ ಬನ್ನಿ." ಬಹಳ ಜನ ಕೈಮುಗಿದ ಚಿತ್ರ ಕಳಿಸಿದರು. ಎಲ್ಲರಿಗೂ ಗೊತ್ತಾಯಿತು ಎಂದುಕೊಂಡು ಮಲಗಿದೆ.

ಮಾರನೆಯ ದಿನ 7 ಕಿಟ್ ಉಳಿದವು. ಬೇಡವಾದವರು ಬಂದಿಲ್ಲ ಎಂದು ತಿಳಿದು ಬೇರೆಯವರಿಗೆ ಕೊಟ್ಟೆ. ವಾರದ ನಂತರ ಗುಂಪಿನ ಒಬ್ಬ ಅಜ್ಜಿಯ ಮನೆಗೆ ಹೋದೆ. ಒಬ್ಬಂಟಿ, ಮೊಬೈಲ್ ಇಲ್ಲ. ಮನೆಯಲ್ಲಿ ಅಕ್ಕಿ ಮುಗಿದು ನಾಲ್ಕು ದಿನವಾಗಿತ್ತು. ಪಕ್ಕದ ಮನೆಯವರು ಕೊಟ್ಟ ಗಂಜಿಯಲ್ಲಿ ದಿನ ತಳ್ಳುತ್ತಿದ್ದರು. "ನಾನು ಒಂದಿನ ಚರ್ಚ್ ಹತ್ರ ಬಂದಿದ್ದೆ ಸಿಸ್ಟರ್. ಗೇಟಿಗೆ ಬೀಗ ಇತ್ತು. ವಾಪಸ್ ಬಂದೆ. ಗಂಟೆ ಹೊಡೆದಿದ್ರೆ ಬರ್ತಿದ್ದೆ," ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು. ಅವರು 12 ವರ್ಷದಿಂದ ವಾರ ತಪ್ಪದೆ ಉಳಿತಾಯ ಕಟ್ಟಿದ ಸದಸ್ಯೆ. ನನ್ನ ಪಟ್ಟಿಯಲ್ಲಿ ಅವರ ಹೆಸರಿತ್ತು, ನನ್ನ ಮೊಬೈಲಿನಲ್ಲಿ ಇರಲಿಲ್ಲ.

ಅಂದಿನಿಂದ ಗುಂಪಿನ ನಾಯಕಿಯರು ಸೇರಿ ಒಂದು ಏರ್ಪಾಡು ಮಾಡಿದರು. ಒಬ್ಬೊಬ್ಬರಿಗೆ ಅಕ್ಕಪಕ್ಕದ 5 ಮನೆ. ಮಾಸ್ಕ್ ಹಾಕಿ, ಬಾಗಿಲಾಚೆ ನಿಂತು ಬಾಯಲ್ಲಿ ಹೇಳಬೇಕು. ಸಂಜೆಯೊಳಗೆ "ನನ್ನ ಐದೂ ಮನೆ ಆಯ್ತು" ಎಂದು ತಿಳಿಸಬೇಕು. ಮುಂದಿನ ಸಲ ಕಿಟ್ ಉಳಿಯಲಿಲ್ಲ.

4. ಅರ್ಧ ಸುದ್ದಿಯ ಅಪಾಯ

ಸುದ್ದಿ ಮುಟ್ಟಿದರೆ ಸಾಲದು, ಪೂರ್ತಿಯಾಗಿ ಮುಟ್ಟಬೇಕು. ಎರಡು ಉದಾಹರಣೆ ನೋಡೋಣ.

ಒಂದನೆಯದು, ಜನಧನ ಖಾತೆಯ ದುಡ್ಡು. 2020ರ ಏಪ್ರಿಲ್, ಮೇ, ಜೂನ್ ಮೂರು ತಿಂಗಳು ಮಹಿಳೆಯರ ಜನಧನ ಖಾತೆಗೆ ತಿಂಗಳಿಗೆ ₹500 ಬಂತು. ಬ್ಯಾಂಕಿನಲ್ಲಿ ನೂಕುನುಗ್ಗಲು ಆಗದಿರಲೆಂದು ಖಾತೆ ಸಂಖ್ಯೆಯ ಕೊನೆಯ ಅಂಕಿ ನೋಡಿ ದಿನ ಗೊತ್ತು ಮಾಡಿದ್ದರು. ಆದರೆ "ಬೇಗ ತೆಗೀದಿದ್ರೆ ಸರ್ಕಾರ ವಾಪಸ್ ತಗೊಳ್ಳುತ್ತೆ" ಎಂಬ ಗಾಳಿಸುದ್ದಿ ಹಬ್ಬಿತು. ಅದು ಸುಳ್ಳು. ಖಾತೆಗೆ ಬಂದ ಹಣ ಎಲ್ಲಿಗೂ ಹೋಗುತ್ತಿರಲಿಲ್ಲ. ಆ ಸುಳ್ಳಿಗೆ ಹೆದರಿ ಎಷ್ಟೋ ತಾಯಂದಿರು ಬಿಸಿಲಲ್ಲಿ ಸಾಲುಗಟ್ಟಿ ನಿಂತರು.

ಎರಡನೆಯದು, ಸಾಲದ ಕಂತು. ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಿಂದ ಮೇ ವರೆಗೆ, ಆಮೇಲೆ ಆಗಸ್ಟ್ 31ರ ವರೆಗೆ ಕಂತು ಮುಂದೂಡಲು ಬ್ಯಾಂಕುಗಳಿಗೆ, ಹಣಕಾಸು ಕಂಪನಿಗಳಿಗೆ ಅನುಮತಿ ಕೊಟ್ಟಿತು. ಹಲವರ ಕಿವಿಗೆ ಬಿದ್ದದ್ದು "ಆರು ತಿಂಗಳ ಸಾಲ ಮನ್ನಾ" ಅಂತ! ಮುಂದೂಡುವುದು ಮನ್ನಾ ಅಲ್ಲ. ಬಡ್ಡಿ ನಡೆಯುತ್ತಲೇ ಇತ್ತು. ಕಟ್ಟುವ ಶಕ್ತಿ ಇದ್ದೂ ಬಿಟ್ಟವರಿಗೆ ಆಮೇಲೆ ಹೊರೆ ಜಾಸ್ತಿಯಾಯಿತು. ಒಂದೇ ಒಂದು ಪದ ತಪ್ಪಿ ಕೇಳಿದ್ದಕ್ಕೆ ಕೊಟ್ಟ ಬೆಲೆ ಇದು.

5. ಯಾರು ಹೇಳಿದರು ಎಂಬುದೂ ಮುಖ್ಯ

2020ರ ಜೂನ್ 8ರಿಂದ ಪ್ರಾರ್ಥನಾ ಸ್ಥಳಗಳನ್ನು ತೆರೆಯಲು ಕೇಂದ್ರ ಸರ್ಕಾರ ಅವಕಾಶ ಕೊಟ್ಟಿತು. 65 ದಾಟಿದವರು, ಗರ್ಭಿಣಿಯರು, 10 ವರ್ಷದ ಒಳಗಿನ ಮಕ್ಕಳು ಮನೆಯಲ್ಲೇ ಇರಲಿ ಎಂಬ ಸೂಚನೆ ಅದರಲ್ಲಿತ್ತು. ಇದನ್ನು ಬರೀ ನಿಯಮ ಅಂತ ಓದಿದಾಗ "ನಮ್ಮನ್ನು ಹೊರಗಿಟ್ಟರು" ಎಂದು ಹಿರಿಯರು ನೊಂದರು. ಮನೆಗೆ ಹೋಗಿ, ಕುಳಿತು, ಕಾರಣ ಹೇಳಿದಾಗ ಒಪ್ಪಿದರು.

ಲಸಿಕೆಯ ವಿಷಯದಲ್ಲೂ ಹೀಗೆ. 2021ರ ಮಾರ್ಚ್ 1ರಿಂದ 60 ವರ್ಷ ದಾಟಿದವರಿಗೆ, ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ ಕೊಡಲು ಶುರುವಾಯಿತು. ನಮ್ಮ ಭಿತ್ತಿಪತ್ರ ಓದಿ ಬಂದವರು ಕಡಿಮೆ. ಆದರೆ ಗುಂಪಿನ ಒಬ್ಬಾಕೆ "ನಾನು ಹಾಕಿಸ್ಕೊಂಡೆ. ಒಂದಿನ ಜ್ವರ, ಕೈ ನೋವು ಬಂತು. ಮಾರನೇ ದಿನ ಬೀಡಿ ಕಟ್ಟೋಕೆ ಕೂತೆ" ಎಂದು ಹೇಳಿದ ಮೇಲೆ ಆ ಬೀದಿಯವರು ಒಟ್ಟಾಗಿ ಹೊರಟರು. ಕಷ್ಟವನ್ನು ಮುಚ್ಚಿಡದೆ ಹೇಳಿದ್ದಕ್ಕೇ ಜನ ನಂಬಿದರು.

6. ನೆನಪಿಡಬೇಕಾದ ಅಂಶಗಳು

* ಸುದ್ದಿಯಲ್ಲಿ ಇವು ಇರಲೇಬೇಕು: ಏನು, ಯಾರಿಗೆ, ಎಲ್ಲಿ, ಯಾವ ದಿನ, ಎಷ್ಟು ಗಂಟೆಗೆ, ಏನು ತರಬೇಕು, ಕೊನೆಯ ದಿನ ಯಾವುದು, ಸಂಶಯವಿದ್ದರೆ ಯಾರನ್ನು ಕೇಳಬೇಕು.
* ಮೂಲ ತಿಳಿಯದೆ ಯಾವುದನ್ನೂ ಮುಂದಕ್ಕೆ ಕಳಿಸಬೇಡಿ. ಬ್ಯಾಂಕಿನ ವಿಷಯ ಬ್ಯಾಂಕಿನಲ್ಲಿ, ಆರೋಗ್ಯದ ವಿಷಯ ಆಶಾ ಕಾರ್ಯಕರ್ತೆಯಲ್ಲಿ, ರೇಷನ್ ವಿಷಯ ನ್ಯಾಯಬೆಲೆ ಅಂಗಡಿಯಲ್ಲಿ ಕೇಳಿ.
* ಮೊಬೈಲ್ ಇಲ್ಲದವರು, ಓದು ಬಾರದವರು, ಕಿವಿ ಮಂದವಾದವರು, ಒಬ್ಬಂಟಿಗರು, ಇವರ ಪಟ್ಟಿ ಗುಂಪಿನ ಪುಸ್ತಕದಲ್ಲಿರಲಿ. ಸುದ್ದಿ ಮೊದಲು ಇವರಿಗೇ ಹೋಗಲಿ.
* "ಗೊತ್ತಾಯ್ತಾ?" ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. "ನಾಳೆ ಏನೇನು ತರ್ತೀರಾ, ಹೇಳಿ ನೋಡೋಣ" ಎಂದು ಕೇಳಿ.
* ಹೇಳಿದವರು ಹಿಂತಿರುಗಿ ವರದಿ ಕೊಡಬೇಕು. ಬಾರದವರ ಮನೆಗೆ ಅದೇ ದಿನ ಹೋಗಿ ಬರಬೇಕು.

7. ಚರ್ಚೆಗೆ ಪ್ರಶ್ನೆಗಳು

1) ನಮ್ಮ ಗುಂಪಿನಲ್ಲಿ ವಾಟ್ಸ್‌ಆ್ಯಪ್ ಇಲ್ಲದವರು ಎಷ್ಟು ಮಂದಿ? ಈಗಲೇ ಎಣಿಸಿ.
2) ಕಳೆದ ಆರು ತಿಂಗಳಲ್ಲಿ ಸುದ್ದಿ ಮುಟ್ಟದೆ ಯಾರಿಗಾದರೂ ರೇಷನ್, ಪಿಂಚಣಿ, ಸಾಲ ತಪ್ಪಿದೆಯೆ?
3) ಲಾಕ್‌ಡೌನಿನಲ್ಲಿ ನಿಮ್ಮ ಮನೆಗೆ ಬಂದು ಸುದ್ದಿ ಹೇಳಿದವರು ಯಾರು? ಅವರಿಗೆ ವಂದನೆ ಹೇಳಿದ್ದೀರಾ?

ನಿರ್ಣಯ: ಇವತ್ತಿನ ಸಭೆ ಮುಗಿಯುವ ಮೊದಲು ಯಾರಿಗೆ ಯಾವ 5 ಮನೆ ಎಂದು ಹಂಚಿಕೊಂಡು, ನಿರ್ಣಯ ಪುಸ್ತಕದಲ್ಲಿ ಬರೆದು ಸಹಿ ಹಾಕಿರಿ.

ಕೊನೆಯ ಮಾತು. ಶುಭಸಂದೇಶದಲ್ಲಿ ಯೇಸು ಎದ್ದ ಸುದ್ದಿಯನ್ನು ಶಿಷ್ಯರಿಗೆ ಮುಟ್ಟಿಸಿದವಳು ಮಗ್ದಲದ ಮರಿಯ, ಒಬ್ಬ ಹೆಣ್ಣುಮಗಳು. ಅವಳು ಕಾಲ್ನಡಿಗೆಯಲ್ಲಿ ಹೋಗಿ ಬಾಯಾರೆ ಹೇಳಿದಳು. ನಮ್ಮ ಕೈಯಲ್ಲಿ ಇಂದು ಮೊಬೈಲ್ ಇದೆ, ಒಳ್ಳೆಯದೇ. ಕಾಲಿಗೂ ಸ್ವಲ್ಪ ಕೆಲಸ ಕೊಡೋಣ. ಆ ಅಜ್ಜಿ ಈಗಿಲ್ಲ. ಅವರಂಥವರು ಪ್ರತಿ ಗುಂಪಿನಲ್ಲೂ ಇದ್ದಾರೆ. ಅವರ ಬಾಗಿಲು ತಟ್ಟಿ ಬನ್ನಿ.