ನೆತ್ತಿಯ ಮೇಲಿನ ಮೂರು

ಪೋರೂರಿನಲ್ಲಿ ಮನೆ ಮಾಡಿ, ಚೆನ್ನೈನ ಯಾವುದಾದರೂ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ ಪಾಠ ಹೇಳಲು ಹೊರಟಿದ್ದೀರಾ? ಒಂದು ಮಾತು ಕೇಳಿಸಿಕೊಳ್ಳಿ.

ನಿಮ್ಮ ವಿದ್ಯಾರ್ಥಿ ಪುರಂದರದಾಸರ ಪಿಳ್ಳಾರಿ ಗೀತೆಯಲ್ಲಿ 'ಗ'ವನ್ನು 'ಕ' ಎಂದರೆ ಮುಖ ಸಿಂಡರಿಸಬೇಡಿ. ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಅದಕ್ಕೇ ಅಲ್ಲಿನ ಸಂಗೀತದ ಪುಸ್ತಕಗಳಲ್ಲಿ ಅಕ್ಷರದ ನೆತ್ತಿಯ ಮೇಲೆ ಪುಟ್ಟ ಅಂಕಿ ಇಡುತ್ತಾರೆ: 2 ಇದ್ದರೆ ಖ, 3 ಇದ್ದರೆ ಗ, 4 ಇದ್ದರೆ ಘ. ಅವಸರದಲ್ಲಿ ನಕಲು ಮಾಡಿಕೊಂಡಾಗ ಆ ಅಂಕಿ ಬಿಟ್ಟುಹೋಗುತ್ತದೆ, ತಪ್ಪು ನಾಲಿಗೆಯದಲ್ಲ. ಹಾಡಿಸುವ ಮೊದಲು ನೋಟ್‌ಬುಕ್ ತೆಗೆಸಿ, ಅಂಕಿ ಹಾಕಿಸಿ, ಪದದ ಅರ್ಥ ಹೇಳಿ. ಗೀತೆಯ ರಾಗ ಮಲಹರಿ ಎಲ್ಲಿಗೂ ಓಡಿಹೋಗುವುದಿಲ್ಲ. ಈ ಅಂಕಿಯ ಉಪಾಯ ನೀವೂ ಕಲಿತುಬಿಡಿ. ಕನ್ನಡ ಬಲ್ಲೆನೆಂಬ ಬಿಂಕ ತರಗತಿಯಲ್ಲಿ ಕೆಲಸಕ್ಕೆ ಬರುವುದಿಲ್ಲ.

ಮೊದಲ ಪಾಠವಾದ ಸರಳೆ ವರಸೆಗೆ ಮಾಯಾಮಾಳವಗೌಳ ರಾಗ ಗೊತ್ತುಮಾಡಿದವರು ದಾಸರೇ ಎಂಬುದು ಪರಂಪರೆಯ ನಂಬಿಕೆ. ಹಾಗಾಗಿ ತಮಿಳು ಮನೆಯ ಮಗುವೂ ಸಂಗೀತದ ಮೊದಲ ಮೆಟ್ಟಿಲಲ್ಲೇ ದಾಸರನ್ನು ಕಾಣುತ್ತದೆ. ಇದನ್ನು ಜಂಬಕ್ಕಲ್ಲ, ಸಲಿಗೆಗೆ ಬಳಸಿಕೊಳ್ಳಿ.

ಚಿತ್ರಕಲೆಯವರಿಗೂ ಇಲ್ಲಿ ನೆಂಟಸ್ತಿಕೆಯುಂಟು. ಮೈಸೂರಿನ ಎಸ್.ಜಿ. ವಾಸುದೇವ್ ಮದರಾಸಿನ ಕಲಾಶಾಲೆಯಲ್ಲಿ ಓದಿದವರು, ಕೆ.ಸಿ.ಎಸ್. ಪಣಿಕ್ಕರ್ 1966ರಲ್ಲಿ ಕಟ್ಟಿದ ಚೋಳಮಂಡಲ ಕಲಾಗ್ರಾಮದ ಮೊದಲಿಗರಲ್ಲಿ ಒಬ್ಬರು. ಗ್ರಾಮ ಇಂಜಂಬಾಕ್ಕಂನಲ್ಲಿದೆ. ಒಂದು ಭಾನುವಾರ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಬನ್ನಿ.